ಭಾರತದ ಉನ್ನತ ಶಿಕ್ಷಣದಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಸಮಂಜಸ ಹೊಂದಾಣಿಕೆ

ಸಮಂಜಸ ಹೊಂದಾಣಿಕೆ ಎಂಬುದು ವಿಕಲಚೇತನ ವಿದ್ಯಾರ್ಥಿಗಳು ಇತರ ವಿದ್ಯಾರ್ಥಿಗಳಿಗೆ ಸರಿಸಮನಾಗಿ ಕಲಿಯಲು ಮತ್ತು ಪರೀಕ್ಷೆ ಬರೆಯಲು ಅನುವಾಗುವಂತೆ ಶಿಕ್ಷಣ ಸಂಸ್ಥೆಗಳು ಮಾಡಬೇಕಾದ ಮಾರ್ಪಾಡುಗಳನ್ನು ಸೂಚಿಸುವ ಕಾನೂನು ಪರಿಕಲ್ಪನೆಯಾಗಿದೆ. ಇಂಗ್ಲಿಷಿನ ‘ರೀಸನಬಲ್ ಅಕಾಮಡೇಶನ್’ ಎಂಬ ಪದಕ್ಕೆ ಸಂವಾದಿಯಾಗಿ ಇದನ್ನು ಬಳಸಲಾಗುತ್ತದೆ. ಪರೀಕ್ಷೆಯಲ್ಲಿ ಲಿಪಿಕಾರರ ನೆರವು, ಹೆಚ್ಚುವರಿ ಸಮಯ, ಬ್ರೈಲ್ ಅಥವಾ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಸಂಕೇತ ಭಾಷೆಯ ದುಭಾಷಿ, ಧ್ವನಿಮುದ್ರಿತ ಪಠ್ಯ, ನೆಲಮಹಡಿಯಲ್ಲಿ ತರಗತಿ ಮುಂತಾದವು ಇದರ ಸಾಮಾನ್ಯ ಉದಾಹರಣೆಗಳು.

ಭಾರತದಲ್ಲಿ ಈ ಹೊಂದಾಣಿಕೆಯು ಸಂಸ್ಥೆಯ ಔದಾರ್ಯವನ್ನು ಅವಲಂಬಿಸಿದ ರಿಯಾಯಿತಿಯಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ಇದನ್ನು ಕಾನೂನುಬದ್ಧ ಹಕ್ಕನ್ನಾಗಿ ಮಾಡಿದೆ. ಸರ್ವೋಚ್ಚ ನ್ಯಾಯಾಲಯವು 2021ರ ನಂತರ ನೀಡಿದ ಹಲವು ತೀರ್ಪುಗಳಲ್ಲಿ ಇದು ಸಂವಿಧಾನವು ನೀಡುವ ಸಮಾನತೆಯ ಹಕ್ಕಿನ ಅವಿಭಾಜ್ಯ ಅಂಗವೆಂದು ಸ್ಪಷ್ಟಪಡಿಸಿದೆ.

ಪರಿಕಲ್ಪನೆ

2016ರ ಅಧಿನಿಯಮದ 2ನೆಯ ಪ್ರಕರಣದ ಪ್ರಕಾರ, ನಿರ್ದಿಷ್ಟ ಸಂದರ್ಭವೊಂದರಲ್ಲಿ ಸಂಸ್ಥೆಯ ಮೇಲೆ ಅಳತೆಮೀರಿದ ಅಥವಾ ಅನುಚಿತವಾದ ಹೊರೆ ಹೇರದೆ, ವಿಕಲಚೇತನ ವ್ಯಕ್ತಿಗಳು ಇತರರೊಂದಿಗೆ ಸಮಾನವಾಗಿ ಹಕ್ಕುಗಳನ್ನು ಅನುಭವಿಸುವಂತೆ ಮಾಡಲು ಬೇಕಾದ ಅವಶ್ಯಕ ಮತ್ತು ಸೂಕ್ತ ಬದಲಾವಣೆಗಳೇ ಸಮಂಜಸ ಹೊಂದಾಣಿಕೆ. ಈ ವ್ಯಾಖ್ಯೆಯು ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲಿರುವ ವ್ಯಾಖ್ಯೆಯನ್ನು ಹೋಲುತ್ತದೆ.

ಪರಿಕಲ್ಪನೆಯ ಹಿಂದಿರುವ ತಿಳಿವಳಿಕೆಯೆಂದರೆ, ವ್ಯಕ್ತಿಯ ದೇಹ ಅಥವಾ ಮನಸ್ಸಿನ ನ್ಯೂನತೆಯೊಂದೇ ಅಡ್ಡಿಯಲ್ಲ. ಸುತ್ತಲಿನ ವ್ಯವಸ್ಥೆಯೂ ಅಡ್ಡಿಯನ್ನು ಒಡ್ಡುತ್ತದೆ. ಇದನ್ನು ಅಂಗವಿಕಲತೆಯ ಸಾಮಾಜಿಕ ಮಾದರಿ ಎನ್ನಲಾಗುತ್ತದೆ. ಗಾಲಿಕುರ್ಚಿ ಬಳಸುವ ವಿದ್ಯಾರ್ಥಿಯನ್ನು ಎರಡನೆಯ ಮಹಡಿಯ ತರಗತಿಯಿಂದ ದೂರವಿಡುವುದು ಆಕೆಯ ಕಾಲುಗಳಷ್ಟೇ ಅಲ್ಲ, ಲಿಫ್ಟ್ ಇಲ್ಲದ ಕಟ್ಟಡವೂ ಹೌದು. ಇದಕ್ಕೆ ಅನುಗುಣವಾಗಿಯೇ ಅಧಿನಿಯಮವು ‘ಅಂಗವಿಕಲ ವ್ಯಕ್ತಿ’ಯನ್ನು ದೀರ್ಘಕಾಲಿಕ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯಸಂಬಂಧಿ ನ್ಯೂನತೆಯುಳ್ಳ ಮತ್ತು ಅಡೆತಡೆಗಳ ಕಾರಣದಿಂದ ಸಮಾಜದಲ್ಲಿ ಪೂರ್ಣವಾಗಿ ಭಾಗವಹಿಸಲು ತೊಡಕನ್ನು ಅನುಭವಿಸುವ ವ್ಯಕ್ತಿ ಎಂದು ನಿರೂಪಿಸುತ್ತದೆ.

ಸಮಂಜಸ ಹೊಂದಾಣಿಕೆಯನ್ನು ಸುಗಮ್ಯತೆಯಿಂದ ಬೇರ್ಪಡಿಸಿ ನೋಡಲಾಗುತ್ತದೆ. ಇಳಿಜಾರು ಹಾದಿ, ಲಿಫ್ಟ್, ತೆರೆವಾಚಕ ತಂತ್ರಾಂಶಕ್ಕೆ ಒಗ್ಗುವ ಜಾಲತಾಣ ಮುಂತಾದ ಸುಗಮ್ಯತೆಯ ವ್ಯವಸ್ಥೆಗಳನ್ನು ಯಾರೂ ಕೇಳುವ ಮೊದಲೇ ಎಲ್ಲರಿಗಾಗಿ ನಿರ್ಮಿಸಿರಬೇಕು. ಸಮಂಜಸ ಹೊಂದಾಣಿಕೆಯಾದರೋ ನಿರ್ದಿಷ್ಟ ವಿದ್ಯಾರ್ಥಿಯ ಅಗತ್ಯವನ್ನು ಅನುಸರಿಸಿ ಮಾಡುವಂಥದ್ದು. ಒಂದೇ ಬಗೆಯ ಅಂಗವೈಕಲ್ಯವುಳ್ಳ ಇಬ್ಬರಿಗೆ ಬೇರೆಬೇರೆ ನೆರವು ಬೇಕಾಗಬಹುದು. ಬಾಲ್ಯದಿಂದ ಬ್ರೈಲ್ ಕಲಿತವರಿಗೆ ಬ್ರೈಲ್ ಪ್ರಶ್ನೆಪತ್ರಿಕೆ ಅನುಕೂಲವಾದರೆ, ಪದವಿಯ ಹಂತದಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಅದರಿಂದ ಪ್ರಯೋಜನವಾಗದೆ ಓದಿ ಹೇಳುವವರು ಅಥವಾ ಗಣಕಯಂತ್ರ ಬೇಕಾಗುತ್ತದೆ.

ಹೊಂದಾಣಿಕೆಯು ಪರೀಕ್ಷೆಯ ಮಟ್ಟವನ್ನು ಇಳಿಸುವುದಿಲ್ಲ ಎಂಬುದು ಇನ್ನೊಂದು ಮುಖ್ಯ ಅಂಶ. ಇತಿಹಾಸದ ಪತ್ರಿಕೆಯು ವಿದ್ಯಾರ್ಥಿಯ ಇತಿಹಾಸ ಜ್ಞಾನವನ್ನು ಅಳೆಯಬೇಕೇ ಹೊರತು ಕೈಬರಹದ ವೇಗವನ್ನಲ್ಲ. ಲಿಪಿಕಾರರ ಮೂಲಕ ಉತ್ತರಿಸಿದ ಪತ್ರಿಕೆಯ ಪ್ರಶ್ನೆಗಳೂ ಮೌಲ್ಯಮಾಪನವೂ ಉಳಿದವರಂತೆಯೇ ಇರುತ್ತವೆ. ಉತ್ತರವನ್ನು ದಾಖಲಿಸುವ ವಿಧಾನ ಮಾತ್ರ ಬದಲಾಗುತ್ತದೆ.

ಇತಿಹಾಸ

ಕಾನೂನುಗಳು ಬರುವ ಮೊದಲು ವಿಕಲಚೇತನ ವಿದ್ಯಾರ್ಥಿಗಳ ವಿಶ್ವವಿದ್ಯಾಲಯ ಪ್ರವೇಶವು ಕುಟುಂಬ, ಶಿಕ್ಷಕರು ಮತ್ತು ಸ್ನೇಹಿತರ ನೆರವನ್ನೇ ನೆಚ್ಚಿಕೊಂಡಿತ್ತು. ಕಿವುಡು ಮತ್ತು ಕುರುಡು ಎರಡನ್ನೂ ಹೊಂದಿದ್ದ ಹೆಲನ್ ಕೆಲ್ಲರ್ 1904ರಲ್ಲಿ ಅಮೆರಿಕದ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಪದವಿ ಪಡೆದರು. ಆಕೆಯ ಶಿಕ್ಷಕಿ ಆನ್ ಸಲಿವನ್ ತರಗತಿಯ ಉಪನ್ಯಾಸಗಳನ್ನು ಅಂಗೈಯಲ್ಲಿ ಬೆರಳಕ್ಷರಗಳ ಮೂಲಕ ತಿಳಿಸುತ್ತಿದ್ದರು. ಪೋಲಿಯೊದಿಂದ ಅಂಗವಿಕಲರಾಗಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರ ಉಸಿರಾಟದ ಯಂತ್ರಕ್ಕೆ ಒಗ್ಗುವ ವಸತಿನಿಲಯ ಅಲ್ಲಿರಲಿಲ್ಲ. ಆವರಣದ ಆಸ್ಪತ್ರೆಯೇ ಅವರ ವಾಸಸ್ಥಾನವಾಯಿತು. ಅಲ್ಲಿ ಒಟ್ಟುಗೂಡಿದ ವಿದ್ಯಾರ್ಥಿಗಳ ಪ್ರಯತ್ನದಿಂದ 1970ರಲ್ಲಿ ವಿಕಲಚೇತನ ವಿದ್ಯಾರ್ಥಿಗಳೇ ನಡೆಸುವ ನೆರವಿನ ಕಾರ್ಯಕ್ರಮ ಆರಂಭಗೊಂಡಿತು.

ಅಮೆರಿಕದ 1973ರ ಪುನರ್ವಸತಿ ಕಾಯ್ದೆಯ 504ನೆಯ ಪ್ರಕರಣವು ಸರ್ಕಾರದ ಹಣ ಪಡೆಯುವ ಸಂಸ್ಥೆಗಳಲ್ಲಿ ಅಂಗವೈಕಲ್ಯದ ಆಧಾರದ ತಾರತಮ್ಯವನ್ನು ನಿಷೇಧಿಸಿತು. ಅದರ ನಿಯಮಗಳು ವರ್ಷಗಟ್ಟಲೆ ಜಾರಿಗೆ ಬಾರದಿದ್ದಾಗ ಹೋರಾಟಗಾರರು 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದಲ್ಲಿ ಮೂರು ವಾರಗಳಿಗೂ ಹೆಚ್ಚು ಕಾಲ ಧರಣಿ ನಡೆಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ನಿಯಮಗಳಿಗೆ ಸಹಿ ಬಿದ್ದಿತು. ಬಳಿಕ 1990ರ ಅಮೆರಿಕದ ವಿಕಲಚೇತನರ ಕಾಯ್ದೆ ಮತ್ತು ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಗಳು ಇದೇ ತತ್ತ್ವವನ್ನು ವಿಸ್ತರಿಸಿದವು.

ಭಾರತದಲ್ಲಿ ಆರಂಭದ ಪ್ರಯತ್ನಗಳು ವಿಶೇಷ ಶಾಲೆಗಳ ರೂಪದಲ್ಲಿದ್ದವು. ಮೈಸೂರಿನಲ್ಲಿ ಕಿವುಡರು ಮತ್ತು ಅಂಧರಿಗಾಗಿ ಶಾಲೆಯೊಂದು 1901ರಲ್ಲಿ ಸ್ಥಾಪನೆಯಾಯಿತು. ಭಾರತೀಯ ಭಾಷೆಗಳಿಗೆ ಸಮಾನವಾದ ‘ಭಾರತಿ ಬ್ರೈಲ್’ ಪದ್ಧತಿಯು 1951ರಲ್ಲಿ ಅಂಗೀಕಾರಗೊಂಡಿತು. ಇದರಿಂದ ಕನ್ನಡವೂ ಸೇರಿದಂತೆ ವಿವಿಧ ಭಾಷೆಗಳ ಸಮಾನ ಉಚ್ಚಾರಣೆಯ ಅಕ್ಷರಗಳಿಗೆ ಬಹುಮಟ್ಟಿಗೆ ಒಂದೇ ಚುಕ್ಕಿವಿನ್ಯಾಸ ದೊರೆಯಿತು.

ದೇಶದ ಮೊದಲ ಸಮಗ್ರ ಕಾನೂನು 1995ರಲ್ಲಿ ರೂಪುಗೊಂಡು 1996ರ ಫೆಬ್ರವರಿ 7ರಂದು ಜಾರಿಗೆ ಬಂದಿತು. ಅದು ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಶಿಕ್ಷಣ ಸಂಸ್ಥೆಗಳಲ್ಲಿ ಶೇ. 3ಕ್ಕೆ ಕಡಿಮೆಯಿಲ್ಲದ ಮೀಸಲಾತಿಯನ್ನು ವಿಧಿಸಿತು. ಅದರ 31ನೆಯ ಪ್ರಕರಣವು ಅಂಧ ಹಾಗೂ ಮಂದದೃಷ್ಟಿಯ ವಿದ್ಯಾರ್ಥಿಗಳಿಗೆ ಲಿಪಿಕಾರರನ್ನು ಒದಗಿಸುವ ಹೊಣೆಯನ್ನು ಶಿಕ್ಷಣ ಸಂಸ್ಥೆಗಳಿಗೆ ಹೊರಿಸಿತು. ಆದರೆ ಕಲಿಕಾ ನ್ಯೂನತೆ, ಆಟಿಸಂ ಮುಂತಾದವು ಆ ಕಾನೂನಿನ ಪಟ್ಟಿಯಲ್ಲಿರಲಿಲ್ಲ.

ವಿಶ್ವಸಂಸ್ಥೆಯು 2006ರ ಡಿಸೆಂಬರ್ 13ರಂದು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 2007ರ ಅಕ್ಟೋಬರ್ 1ರಂದು ಅದನ್ನು ಸ್ಥಿರೀಕರಿಸಿತು. ಒಡಂಬಡಿಕೆಯ 24ನೆಯ ವಿಧಿಯು ಉನ್ನತ ಶಿಕ್ಷಣ, ವೃತ್ತಿ ತರಬೇತಿ ಮತ್ತು ವಯಸ್ಕರ ಶಿಕ್ಷಣದಲ್ಲಿ ತಾರತಮ್ಯವಿಲ್ಲದ ಪ್ರವೇಶವನ್ನು ಹಾಗೂ ಅದಕ್ಕಾಗಿ ಸಮಂಜಸ ಹೊಂದಾಣಿಕೆಯನ್ನು ಸದಸ್ಯ ರಾಷ್ಟ್ರಗಳ ಕರ್ತವ್ಯವೆನ್ನುತ್ತದೆ. ಈ ಒಡಂಬಡಿಕೆಗೆ ತಕ್ಕಂತೆ 1995ರ ಕಾನೂನಿನ ಬದಲಿಗೆ ಹೊಸ ಅಧಿನಿಯಮವು 2016ರಲ್ಲಿ ರಚಿತವಾಗಿ 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು.

2016ರ ಅಧಿನಿಯಮ

ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ದೃಷ್ಟಿ, ಶ್ರವಣ ಮತ್ತು ಚಲನೆಗೆ ಸಂಬಂಧಿಸಿದ ನ್ಯೂನತೆಗಳಲ್ಲದೆ ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಕುಬ್ಜತೆ, ಆಟಿಸಂ, ಮಾನಸಿಕ ಅಸ್ವಸ್ಥತೆ, ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡುಗೋಲು ಕಣ ರೋಗ, ಆ್ಯಸಿಡ್ ದಾಳಿಗೆ ಗುರಿಯಾದವರ ವಿಕಲತೆ ಮೊದಲಾದವು ಇದರಲ್ಲಿ ಸೇರಿವೆ. ಡಿಸ್‌ಲೆಕ್ಸಿಯಾ, ಡಿಸ್‌ಗ್ರಾಫಿಯಾ, ಡಿಸ್‌ಕ್ಯಾಲ್‌ಕ್ಯುಲಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಮಾನ್ಯತೆ ಪಡೆದಿವೆ.

ಉನ್ನತ ಶಿಕ್ಷಣಕ್ಕೆ ಸಂಬಂಧಿಸಿದ ಮುಖ್ಯ ಪ್ರಕರಣಗಳು ಹೀಗಿವೆ:

• 3ನೆಯ ಪ್ರಕರಣ: ಸಮಾನತೆ ಮತ್ತು ತಾರತಮ್ಯದಿಂದ ರಕ್ಷಣೆ, ಸಮಂಜಸ ಹೊಂದಾಣಿಕೆಯನ್ನು ಖಾತ್ರಿಪಡಿಸುವುದು ಸರ್ಕಾರದ ಹೊಣೆ.
• 16ನೆಯ ಪ್ರಕರಣ: ಸರ್ಕಾರದಿಂದ ಹಣ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ತಾರತಮ್ಯವಿಲ್ಲದೆ ಪ್ರವೇಶ ನೀಡುವಂತೆ, ಕಟ್ಟಡ ಮತ್ತು ಆವರಣವನ್ನು ಸುಗಮ್ಯಗೊಳಿಸುವಂತೆ ಹಾಗೂ ವ್ಯಕ್ತಿಯ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಒದಗಿಸುವಂತೆ ಸರ್ಕಾರಗಳು ನೋಡಿಕೊಳ್ಳಬೇಕು.
• 17ನೆಯ ಪ್ರಕರಣ: ಹೆಚ್ಚುವರಿ ಸಮಯ, ಲಿಪಿಕಾರರ ಸೌಲಭ್ಯ, ಎರಡನೆಯ ಮತ್ತು ಮೂರನೆಯ ಭಾಷೆಗಳ ಕಲಿಕೆಯಿಂದ ವಿನಾಯಿತಿ ಸೇರಿದಂತೆ ಪಠ್ಯಕ್ರಮ ಮತ್ತು ಪರೀಕ್ಷಾ ಪದ್ಧತಿಯಲ್ಲಿ ಸೂಕ್ತ ಮಾರ್ಪಾಡು.
• 32ನೆಯ ಪ್ರಕರಣ: ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ಕ್ಕೆ ಕಡಿಮೆಯಿಲ್ಲದ ಸೀಟುಗಳ ಮೀಸಲಾತಿ. ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ.

ಮೀಸಲಾತಿ ಮತ್ತು ಹೊಂದಾಣಿಕೆಗಳ ಅರ್ಹತೆ ಒಂದೇ ಅಲ್ಲ. ಮೀಸಲಾತಿಗೆ ‘ಮಾನದಂಡ ಅಂಗವೈಕಲ್ಯ’, ಅಂದರೆ ಪ್ರಮಾಣಿತವಾದ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರಬೇಕು. ಸಮಂಜಸ ಹೊಂದಾಣಿಕೆಗೆ ಅಧಿನಿಯಮವು ಇಂತಹ ಶೇಕಡಾವಾರು ಮಿತಿಯನ್ನು ಹಾಕಿಲ್ಲ. ಈ ವ್ಯತ್ಯಾಸವನ್ನು ಪರೀಕ್ಷಾ ಸಂಸ್ಥೆಗಳು ಗಮನಿಸದಿದ್ದುದೇ ಮುಂದೆ ಹಲವು ವ್ಯಾಜ್ಯಗಳಿಗೆ ಕಾರಣವಾಯಿತು.

ಹೊಂದಾಣಿಕೆಯ ವಿಧಗಳು

ಬೋಧನೆ

ಶ್ರವಣದೋಷವುಳ್ಳ ವಿದ್ಯಾರ್ಥಿಗಳಿಗೆ ಸಂಕೇತ ಭಾಷೆಯ ದುಭಾಷಿ, ಉಪನ್ಯಾಸದ ಲಿಖಿತ ರೂಪ, ದೃಶ್ಯಸಾಮಗ್ರಿಗೆ ಅಡಿಬರಹ ಮತ್ತು ಮುಂದಿನ ಸಾಲಿನ ಆಸನ ನೆರವಾಗುತ್ತವೆ. ಬೋಧಕರು ಕಪ್ಪುಹಲಗೆಯತ್ತ ತಿರುಗಿ ಮಾತನಾಡಿದರೆ ತುಟಿಚಲನೆಯಿಂದ ಅರ್ಥಮಾಡಿಕೊಳ್ಳುವ ವಿದ್ಯಾರ್ಥಿಗೆ ಆ ಭಾಗವೆಲ್ಲ ತಪ್ಪಿಹೋಗುತ್ತದೆ. ದೃಷ್ಟಿದೋಷವುಳ್ಳವರಿಗಾಗಿ ಹಲಗೆಯ ಮೇಲೆ ಬರೆದದ್ದನ್ನು ಓದಿ ಹೇಳುವುದು, ನಕ್ಷೆ ಮತ್ತು ರೇಖಾಚಿತ್ರಗಳನ್ನು ಮಾತಿನಲ್ಲಿ ವಿವರಿಸುವುದು, ಸ್ಪರ್ಶಚಿತ್ರಗಳನ್ನು ಒದಗಿಸುವುದು ಅಗತ್ಯ. ಉಪನ್ಯಾಸಗಳ ಧ್ವನಿಮುದ್ರಣಕ್ಕೆ ಅನುಮತಿ, ಟಿಪ್ಪಣಿ ಬರೆದುಕೊಡುವ ಸಹಪಾಠಿ, ಚಿಕಿತ್ಸೆಯ ದಿನಗಳಿಗೆ ಹಾಜರಾತಿಯಲ್ಲಿ ಸಡಿಲಿಕೆ, ನಿಯೋಜಿತ ಬರಹ ಸಲ್ಲಿಸಲು ಹೆಚ್ಚಿನ ಅವಧಿ ಇವೂ ಹೊಂದಾಣಿಕೆಯ ರೂಪಗಳೇ. ಮಾನಸಿಕ ಅಸ್ವಸ್ಥತೆ, ಹಿಮೋಫಿಲಿಯಾದಂತಹ ಹೊರಗಣ್ಣಿಗೆ ಕಾಣದ ಸ್ಥಿತಿಗಳಲ್ಲಿ ಇವುಗಳ ಪಾತ್ರ ದೊಡ್ಡದು.

ಓದುಸಾಮಗ್ರಿ

ಅಚ್ಚಾದ ಪುಸ್ತಕವನ್ನು ಬ್ರೈಲ್, ಧ್ವನಿ ಅಥವಾ ವಿದ್ಯುನ್ಮಾನ ಪಠ್ಯವಾಗಿ ಪರಿವರ್ತಿಸಲು ಹಿಂದೆ ಹಕ್ಕುಸ್ವಾಮ್ಯದ ಅನುಮತಿ ಬೇಕಿತ್ತು. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು ವಿಕಲಚೇತನರ ಬಳಕೆಗಾಗಿ ಲಾಭರಹಿತವಾಗಿ ಮಾಡುವ ಇಂತಹ ಪರಿವರ್ತನೆಗೆ ವಿನಾಯಿತಿ ನೀಡಿತು. ಇದೇ ಉದ್ದೇಶದ ಅಂತರರಾಷ್ಟ್ರೀಯ ಮರ‍್ರಾಕೇಶ್ ಒಪ್ಪಂದ 2013ರಲ್ಲಿ ಅಂಗೀಕಾರವಾಯಿತು. 2014ರಲ್ಲಿ ಅದನ್ನು ಸ್ಥಿರೀಕರಿಸಿದ ಮೊದಲ ದೇಶ ಭಾರತ. ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರಜಾಲ ಗ್ರಂಥಾಲಯವು 2016ರಲ್ಲಿ ಆರಂಭವಾಗಿ, ಮುದ್ರಿತ ಪುಸ್ತಕ ಓದಲಾಗದವರಿಗೆ ವಿವಿಧ ಭಾರತೀಯ ಭಾಷೆಗಳ ಪುಸ್ತಕಗಳನ್ನು ಒದಗಿಸುತ್ತಿದೆ.

ಆವರಣ ಮತ್ತು ವಸತಿ

ಇಳಿಜಾರು ಹಾದಿ, ಲಿಫ್ಟ್, ಹಿಡಿಗಂಬಿ, ಸ್ಪರ್ಶಪಥ, ಗಾಲಿಕುರ್ಚಿ ಒಳಹೋಗುವಷ್ಟು ಅಗಲದ ಬಾಗಿಲು ಮತ್ತು ಶೌಚಾಲಯ, ಎತ್ತರ ಹೊಂದಿಸಬಹುದಾದ ಪ್ರಯೋಗಾಲಯದ ಮೇಜು ಇವುಗಳಲ್ಲಿ ಮುಖ್ಯವಾದವು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ಸುಗಮ್ಯತೆಗೆ ಸಂಬಂಧಿಸಿದ ಮಾರ್ಗಸೂಚಿ ಮತ್ತು ಮಾನದಂಡಗಳನ್ನು ಹೊರಡಿಸಿತು. ಲಿಫ್ಟ್ ನಿರ್ಮಿಸುವವರೆಗೆ ವಿದ್ಯಾರ್ಥಿಯನ್ನು ಕಾಯಿಸದೆ ಆ ತರಗತಿಯನ್ನೇ ನೆಲಮಹಡಿಗೆ ವರ್ಗಾಯಿಸುವುದು ಖರ್ಚಿಲ್ಲದ ಹೊಂದಾಣಿಕೆಗೆ ಉದಾಹರಣೆಯಾಗಿದೆ.

ಪರೀಕ್ಷೆಯಲ್ಲಿ ಲಿಪಿಕಾರರು ಮತ್ತು ಹೆಚ್ಚುವರಿ ಸಮಯ

ಕೇಂದ್ರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು ಲಿಖಿತ ಪರೀಕ್ಷೆಗಳ ಕುರಿತು 2013ರ ಫೆಬ್ರವರಿ 26ರಂದು ಮಾರ್ಗಸೂಚಿ ಹೊರಡಿಸಿತು. 2016ರ ಅಧಿನಿಯಮ ಬಂದ ಬಳಿಕ 2018ರ ಆಗಸ್ಟ್ 29ರಂದು ಅದನ್ನು ಪರಿಷ್ಕರಿಸಲಾಯಿತು. ಮಾನದಂಡ ಅಂಗವೈಕಲ್ಯವುಳ್ಳವರಿಗೆ ಅನ್ವಯಿಸುತ್ತಿದ್ದ 2018ರ ಮಾರ್ಗಸೂಚಿಯ ಮುಖ್ಯ ಅಂಶಗಳು ಹೀಗಿದ್ದವು:

• ಅಂಧತ್ವ, ಎರಡೂ ತೋಳುಗಳ ವಿಕಲತೆ ಹಾಗೂ ಮಿದುಳಿನ ಪಾರ್ಶ್ವವಾಯು ಇರುವ ಅಭ್ಯರ್ಥಿಗಳು ಬಯಸಿದರೆ ಲಿಪಿಕಾರರನ್ನು ನೀಡಬೇಕು. ಉಳಿದವರು ಬರೆಯಲು ದೈಹಿಕ ಮಿತಿ ಇದೆಯೆಂದು ಸರ್ಕಾರಿ ಆಸ್ಪತ್ರೆಯ ನಿಗದಿತ ವೈದ್ಯಾಧಿಕಾರಿಯಿಂದ ಪ್ರಮಾಣಪತ್ರ ತರಬೇಕು.
• ಲಿಪಿಕಾರರನ್ನು ತಾವೇ ಕರೆತರುವ ಅಥವಾ ಪರೀಕ್ಷಾ ಸಂಸ್ಥೆಯಿಂದ ಕೋರುವ ಆಯ್ಕೆ ಅಭ್ಯರ್ಥಿಯದಾಗಿತ್ತು.
• ಅಭ್ಯರ್ಥಿಯೇ ಕರೆತರುವ ಲಿಪಿಕಾರರ ವಿದ್ಯಾರ್ಹತೆಯು ಅಭ್ಯರ್ಥಿಯ ವಿದ್ಯಾರ್ಹತೆಗಿಂತ ಒಂದು ಹಂತ ಕೆಳಗಿರಬೇಕಿತ್ತು.
• ಸಂಸ್ಥೆ ಒದಗಿಸಿದ ಲಿಪಿಕಾರರನ್ನು ಪರೀಕ್ಷೆಗೆ ಎರಡು ದಿನ ಮೊದಲೇ ಭೇಟಿಯಾಗಿ, ಅವರು ಸೂಕ್ತರೇ ಎಂದು ಪರಿಶೀಲಿಸಲು ಅವಕಾಶವಿರಬೇಕು. ತುರ್ತಿನಲ್ಲಿ ಲಿಪಿಕಾರರನ್ನು ಬದಲಿಸಲು, ಭಾಷಾ ಪತ್ರಿಕೆಗಳಿಗೆ ಬೇರೆ ಲಿಪಿಕಾರರನ್ನು ಪಡೆಯಲು ಅನುಮತಿ ಇದೆ.
• ಪರೀಕ್ಷೆಯ ಪ್ರತಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಪರಿಹಾರ ಸಮಯ. ಅರ್ಹ ಅಭ್ಯರ್ಥಿಯು ಲಿಪಿಕಾರರನ್ನು ಬಳಸದಿದ್ದರೂ ಈ ಸಮಯ ದೊರೆಯುತ್ತದೆ.
• ಬ್ರೈಲ್, ದೊಡ್ಡ ಅಕ್ಷರ, ಗಣಕಯಂತ್ರ ಅಥವಾ ಧ್ವನಿಮುದ್ರಣದ ಮೂಲಕ ಉತ್ತರಿಸುವ ಆಯ್ಕೆ. ಗಣಕಯಂತ್ರ ಬಳಸುವವರಿಗೆ ಒಂದು ದಿನ ಮೊದಲು ಯಂತ್ರವನ್ನು ಪರೀಕ್ಷಿಸಿ ನೋಡುವ ಅವಕಾಶ.
• ಮಾತನಾಡುವ ಕ್ಯಾಲ್ಕುಲೇಟರ್, ಟೇಲರ್ ಚೌಕಟ್ಟು, ಬ್ರೈಲ್ ಪಾಟಿ, ಮಣಿಚೌಕಟ್ಟು ಮುಂತಾದ ಸಾಧನಗಳ ಬಳಕೆಗೆ ಅನುಮತಿ.

ಈ ಲೆಕ್ಕದಂತೆ 3 ಗಂಟೆಯ ಪರೀಕ್ಷೆಗೆ ಕನಿಷ್ಠ 1 ಗಂಟೆ ಹೆಚ್ಚುವರಿ ಸಮಯ ಸಿಗುತ್ತದೆ. ಪ್ರಶ್ನೆಯನ್ನು ಕೇಳಿಸಿಕೊಂಡು, ಉತ್ತರವನ್ನು ಮನಸ್ಸಿನಲ್ಲಿ ಜೋಡಿಸಿ, ಪದಗಳನ್ನು ಹೇಳಿ, ಬರೆದದ್ದನ್ನು ಮತ್ತೆ ಓದಿಸಿ ತಿದ್ದಿಸಲು ತಗಲುವ ಸಮಯವನ್ನು ಇದು ತುಂಬಿಕೊಡುತ್ತದೆ. ಲಿಪಿಕಾರರು ಅಭ್ಯರ್ಥಿ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು. ಉತ್ತರ ಸೂಚಿಸುವುದು ಪರೀಕ್ಷಾ ಅಕ್ರಮವಾಗುತ್ತದೆ.

ಶೇ. 40ಕ್ಕಿಂತ ಕಡಿಮೆ ಅಂಗವೈಕಲ್ಯವಿದ್ದು ಬರೆಯಲು ತೊಂದರೆ ಇರುವವರಿಗಾಗಿ 2022ರ ಆಗಸ್ಟ್ 10ರಂದು ಪ್ರತ್ಯೇಕ ಮಾರ್ಗಸೂಚಿ ಹೊರಬಂದಿತು. ಇಂತಹ ನಿಯಮಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಆಯಾ ಪರೀಕ್ಷೆಯ ಅಧಿಸೂಚನೆಯಲ್ಲಿರುವ ಷರತ್ತುಗಳೇ ಅಭ್ಯರ್ಥಿಗೆ ಅನ್ವಯವಾಗುತ್ತವೆ.

ಪ್ರಮುಖ ತೀರ್ಪುಗಳು

ಡಿಸೇಬಲ್ಡ್ ರೈಟ್ಸ್ ಗ್ರೂಪ್ ಪ್ರಕರಣ (2017)

ಕಾನೂನು ಕಾಲೇಜುಗಳಲ್ಲಿ ಮೀಸಲಾತಿ ಮತ್ತು ಸುಗಮ್ಯತೆಯ ಕೊರತೆಯನ್ನು ಕುರಿತು ಸಲ್ಲಿಸಿದ್ದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರ್ 15ರಂದು ತೀರ್ಪು ನೀಡಿತು. ಅರ್ಜಿ ಕಾನೂನು ಕಾಲೇಜುಗಳಿಗೆ ಸಂಬಂಧಿಸಿದ್ದರೂ ನಿರ್ದೇಶನವನ್ನು 32ನೆಯ ಪ್ರಕರಣದ ವ್ಯಾಪ್ತಿಗೆ ಬರುವ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ವಿಸ್ತರಿಸಲಾಯಿತು. ಪ್ರತಿವರ್ಷ ಎಷ್ಟು ವಿಕಲಚೇತನ ವಿದ್ಯಾರ್ಥಿಗಳಿಗೆ ಪ್ರವೇಶ ನೀಡಲಾಗಿದೆ ಎಂಬ ವಿವರವನ್ನು ಮುಖ್ಯ ಆಯುಕ್ತರಿಗೆ ಅಥವಾ ರಾಜ್ಯ ಆಯುಕ್ತರಿಗೆ ಸಲ್ಲಿಸುವಂತೆ ನ್ಯಾಯಾಲಯ ಸೂಚಿಸಿತು.

ವಿಕಾಶ್ ಕುಮಾರ್ ಪ್ರಕರಣ (2021)

ಬರೆಯುವಾಗ ಕೈಸ್ನಾಯುಗಳು ಸೆಳೆತಕ್ಕೊಳಗಾಗುವ ತೊಂದರೆಯುಳ್ಳ ಅಭ್ಯರ್ಥಿಯೊಬ್ಬರಿಗೆ ಕೇಂದ್ರ ಲೋಕಸೇವಾ ಆಯೋಗವು ನಾಗರಿಕ ಸೇವಾ ಪರೀಕ್ಷೆಯಲ್ಲಿ ಲಿಪಿಕಾರರ ಸೌಲಭ್ಯವನ್ನು ನಿರಾಕರಿಸಿತ್ತು. 2021ರ ಫೆಬ್ರವರಿ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಅಭ್ಯರ್ಥಿಯ ಪರವಾಗಿ ತೀರ್ಪು ನೀಡಿತು. ತೀರ್ಪನ್ನು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಬರೆದರು. ಮಾನದಂಡ ಅಂಗವೈಕಲ್ಯದ ಪರಿಕಲ್ಪನೆಯು ಮೀಸಲಾತಿಯಂತಹ ನಿರ್ದಿಷ್ಟ ಸೌಲಭ್ಯಗಳಿಗೆ ಸೀಮಿತವಾದುದು. ಲಿಪಿಕಾರರನ್ನು ಪಡೆಯಲು ಅದನ್ನು ಪೂರ್ವಷರತ್ತಾಗಿ ಹೇರುವಂತಿಲ್ಲ ಎಂದು ಪೀಠವು ಹೇಳಿತು. ಸೌಲಭ್ಯ ದುರುಪಯೋಗವಾಗಬಹುದೆಂಬ ಶಂಕೆಯು ಅರ್ಹರಿಗೆ ಅದನ್ನು ನಿರಾಕರಿಸಲು ಕಾರಣವಾಗದು ಎಂದೂ ಸ್ಪಷ್ಟಪಡಿಸಿತು. 2022ರ ಮಾರ್ಗಸೂಚಿಯು ಈ ತೀರ್ಪಿನ ಫಲವಾಗಿದೆ.

ಅವನಿ ಪ್ರಕಾಶ್ ಪ್ರಕರಣ (2021)

ಡಿಸ್‌ಗ್ರಾಫಿಯಾ ಇದ್ದ ವಿದ್ಯಾರ್ಥಿನಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಪರೀಕ್ಷಾ ಕೇಂದ್ರವು 1 ಗಂಟೆಯ ಪರಿಹಾರ ಸಮಯವನ್ನು ನೀಡಿರಲಿಲ್ಲ. 2021ರ ನವೆಂಬರ್ 23ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಕೆಗೆ ಅನ್ಯಾಯವಾಗಿದೆಯೆಂದು ಒಪ್ಪಿತು. ಮರುಪರೀಕ್ಷೆಗೆ ಆದೇಶಿಸದಿದ್ದರೂ, ಅನ್ಯಾಯವನ್ನು ಸರಿಪಡಿಸುವ ಮಾರ್ಗವನ್ನು ಒಂದು ವಾರದೊಳಗೆ ಪರಿಶೀಲಿಸುವಂತೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಗೆ ನಿರ್ದೇಶಿಸಿತು. ಪರೀಕ್ಷಾ ಕೇಂದ್ರದ ಸಿಬ್ಬಂದಿಗೆ ನಿಯಮಗಳ ತರಬೇತಿ ನೀಡುವ ಅಗತ್ಯವನ್ನೂ ಅದು ಒತ್ತಿಹೇಳಿತು. ತಪ್ಪಿಹೋದ ಒಂದು ಗಂಟೆಯನ್ನು ಪರೀಕ್ಷೆಯ ನಂತರ ಪೂರ್ಣವಾಗಿ ಮರಳಿಸುವುದು ಎಷ್ಟು ಕಠಿಣ ಎಂಬುದನ್ನು ಈ ಪ್ರಕರಣ ತೋರಿಸುತ್ತದೆ.

2024 ಮತ್ತು 2025ರ ತೀರ್ಪುಗಳು

ಓಂಕಾರ್ ರಾಮಚಂದ್ರ ಗೊಂಡ್ ಪ್ರಕರಣದಲ್ಲಿ 2024ರ ಅಕ್ಟೋಬರ್ 15ರಂದು ನೀಡಿದ ತೀರ್ಪು, ಅಂಗವೈಕಲ್ಯದ ಶೇಕಡಾವಾರು ಪ್ರಮಾಣವೊಂದನ್ನೇ ನೋಡಿ ಅಭ್ಯರ್ಥಿಗೆ ಎಂಬಿಬಿಎಸ್ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಆ ಅಭ್ಯರ್ಥಿ ಕೋರ್ಸನ್ನು ಪೂರೈಸಬಲ್ಲರೇ ಎಂಬುದನ್ನು ಮೌಲ್ಯಮಾಪನ ಮಂಡಳಿಯು ಪರಿಶೀಲಿಸಬೇಕು ಎಂದಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ, ಸುಗಮ್ಯತೆಯ ಮಾನದಂಡಗಳು ಕೇವಲ ಸಲಹೆಯ ರೂಪದಲ್ಲಿರದೆ ಕಡ್ಡಾಯ ನಿಯಮಗಳಾಗಿರಬೇಕು ಎಂದು ನ್ಯಾಯಾಲಯ ಹೇಳಿತು. 2025ರ ಫೆಬ್ರವರಿ 3ರ ಗುಲ್ಶನ್ ಕುಮಾರ್ ಪ್ರಕರಣದ ತೀರ್ಪು, ಮಾನದಂಡ ಅಂಗವೈಕಲ್ಯವುಳ್ಳವರಿಗೆ ದೊರೆಯುವ ಪರೀಕ್ಷಾ ಸೌಲಭ್ಯಗಳನ್ನು ಇತರ ವಿಕಲಚೇತನ ಅಭ್ಯರ್ಥಿಗಳಿಗೂ ಅಡೆತಡೆಯಿಲ್ಲದೆ ವಿಸ್ತರಿಸುವಂತೆ ಸೂಚಿಸಿತು.

ಕರ್ನಾಟಕ ಮತ್ತು ಕನ್ನಡ ಮಾಧ್ಯಮ

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ಮಂದಿ ವಿಕಲಚೇತನರಿದ್ದಾರೆ. ರಾಜ್ಯದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಸಂಬಂಧಪಟ್ಟ ಯೋಜನೆಗಳನ್ನು ನಿರ್ವಹಿಸುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಮಾತು ಹಾಗೂ ಶ್ರವಣ ದೋಷಗಳ ತಪಾಸಣೆ, ಚಿಕಿತ್ಸೆ ಮತ್ತು ತಜ್ಞರ ತರಬೇತಿಯ ರಾಷ್ಟ್ರೀಯ ಕೇಂದ್ರವಾಗಿದೆ. ಮೈಸೂರಿನಲ್ಲಿಯೇ ವಿಕಲಚೇತನರಿಗಾಗಿ ಮೀಸಲಾದ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ. ಬೆಂಗಳೂರಿನ ಮಿತ್ರಜ್ಯೋತಿ, ಸಮರ್ಥನಂ ಮುಂತಾದ ಸ್ವಯಂಸೇವಾ ಸಂಸ್ಥೆಗಳು ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳ ಶಿಕ್ಷಣಕ್ಕೆ ನೆರವಾಗುತ್ತಿವೆ.

ಕನ್ನಡದಲ್ಲಿ ಓದುವ ಅಂಧ ವಿದ್ಯಾರ್ಥಿಗಳಿಗೆ ಭಾಷೆಯ ತಾಂತ್ರಿಕ ಸ್ಥಿತಿಯೇ ಒಂದು ಅಡ್ಡಿ. ಉಚಿತವಾಗಿ ದೊರೆಯುವ ಎನ್‌ವಿಡಿಎ ತೆರೆವಾಚಕವು ಇ-ಸ್ಪೀಕ್ ಎಂಬ ಧ್ವನಿ ತಂತ್ರಾಂಶದ ಮೂಲಕ ಕನ್ನಡವನ್ನು ಓದಬಲ್ಲದು. ಆದರೆ ಪಠ್ಯವು ಯುನಿಕೋಡ್‌ನಲ್ಲಿರಬೇಕು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತದಲ್ಲಿ ಟೈಪು ಮಾಡಿದ ಟಿಪ್ಪಣಿಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ತೆರೆವಾಚಕಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳಾಗಿಯೇ ಸಿಗುತ್ತವೆ. ಪುಟಗಳ ಛಾಯಾಚಿತ್ರವಷ್ಟೇ ಇರುವ ಕಡತಗಳನ್ನು ತೆರೆವಾಚಕ ಓದಲಾರದು. ಇಂತಹ ಪುಟಗಳಿಂದ ಅಕ್ಷರಗಳನ್ನು ಗುರುತಿಸಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ಅಭಿವೃದ್ಧಿಪಡಿಸಲಾಗಿದೆ. ಅಧ್ಯಾಪಕರು ತಮ್ಮ ಟಿಪ್ಪಣಿಗಳನ್ನು ಯುನಿಕೋಡ್‌ನಲ್ಲಿ ಸಿದ್ಧಪಡಿಸಿದರೆ ಹೆಚ್ಚಿನ ವೆಚ್ಚವಿಲ್ಲದೆ ಈ ತೊಡಕಿನ ದೊಡ್ಡ ಭಾಗ ನಿವಾರಣೆಯಾಗುತ್ತದೆ.

ಕನ್ನಡ ಮಾಧ್ಯಮದ ಅಭ್ಯರ್ಥಿಗೆ ಲಿಪಿಕಾರರ ಆಯ್ಕೆಯಲ್ಲಿಯೂ ಎಚ್ಚರ ಅಗತ್ಯ. ಕನ್ನಡದಲ್ಲಿ ವೇಗವಾಗಿ, ಒತ್ತಕ್ಷರಗಳ ತಪ್ಪಿಲ್ಲದೆ ಬರೆಯಬಲ್ಲ ಮತ್ತು ವಿಷಯದ ಪಾರಿಭಾಷಿಕ ಪದಗಳನ್ನು ಕೇಳಿ ಗುರುತಿಸಬಲ್ಲವರು ಬೇಕಾಗುತ್ತಾರೆ. ಕಾಗುಣಿತದ ತಪ್ಪು ಲಿಪಿಕಾರರದ್ದಾದರೂ ಅಂಕ ಕಳೆದುಕೊಳ್ಳುವವರು ಅಭ್ಯರ್ಥಿಯೇ.

ಸೌಲಭ್ಯ ಪಡೆಯುವ ಕ್ರಮ

ವಿದ್ಯಾರ್ಥಿಯು ಮೊದಲಿಗೆ ಅಂಗವೈಕಲ್ಯ ಪ್ರಮಾಣಪತ್ರವನ್ನು ಪಡೆದಿರಬೇಕು. ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ನಿಗದಿತ ಆಸ್ಪತ್ರೆಯಲ್ಲಿ ತಪಾಸಣೆಯಾದ ಬಳಿಕ ಪ್ರಮಾಣಪತ್ರದೊಂದಿಗೆ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿ ದೊರೆಯುತ್ತದೆ. ಪ್ರವೇಶದ ಅರ್ಜಿಯಲ್ಲಿ ಅಂಗವೈಕಲ್ಯವನ್ನು ನಮೂದಿಸುವುದು, ಬೇಕಾದ ನೆರವನ್ನು ನಿರ್ದಿಷ್ಟವಾಗಿ ವಿವರಿಸಿ ಕಾಲೇಜಿಗೆ ಲಿಖಿತ ಮನವಿ ಸಲ್ಲಿಸುವುದು ಮತ್ತು ಸ್ವೀಕೃತಿ ಪಡೆಯುವುದು ಮುಂದಿನ ಹಂತಗಳು. ಲಿಪಿಕಾರರಿಗಾಗಿ ಪರೀಕ್ಷಾ ಅರ್ಜಿಯ ಸಮಯದಲ್ಲಿಯೇ ಕೋರಿಕೆ ಸಲ್ಲಿಸಬೇಕಾಗುತ್ತದೆ. ಮಂಜೂರಾತಿ ಪತ್ರದ ಪ್ರತಿಯನ್ನು ಪರೀಕ್ಷಾ ಕೇಂದ್ರಕ್ಕೆ ಒಯ್ಯುವುದರಿಂದ ಕೊನೆಯ ಗಳಿಗೆಯ ಗೊಂದಲ ತಪ್ಪುತ್ತದೆ.

ಸೌಲಭ್ಯ ನಿರಾಕರಿಸಿದಲ್ಲಿ ವಿದ್ಯಾರ್ಥಿಯು ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಧನಸಹಾಯ ಆಯೋಗದ 2023ರ ವಿನಿಯಮಗಳಂತೆ ನೇಮಕವಾಗುವ ಓಂಬುಡ್ಸ್‌ಪರ್ಸನ್‌ಗೆ ದೂರು ನೀಡಬಹುದು. 2016ರ ಅಧಿನಿಯಮದ ಅಡಿಯಲ್ಲಿ ಕೇಂದ್ರದ ಮುಖ್ಯ ಆಯುಕ್ತರಿಗೆ ಅಥವಾ ರಾಜ್ಯ ಆಯುಕ್ತರಿಗೆ ಅಹವಾಲು ಸಲ್ಲಿಸಲು ಅವಕಾಶವಿದೆ. ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿಯ ದಾರಿಯೂ ಇದೆ. ಅಧಿನಿಯಮದ 89ನೆಯ ಪ್ರಕರಣವು ಮೊದಲ ಉಲ್ಲಂಘನೆಗೆ 10,000 ರೂಪಾಯಿಯವರೆಗೆ, ಮುಂದಿನ ಪ್ರತಿ ಉಲ್ಲಂಘನೆಗೆ 50,000 ರೂಪಾಯಿಗೆ ಕಡಿಮೆಯಿಲ್ಲದಂತೆ 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ.

ಸವಾಲುಗಳು

ಕಾನೂನು ಮತ್ತು ವಾಸ್ತವದ ನಡುವಿನ ಅಂತರವು ಪ್ರವೇಶದ ಸಂಖ್ಯೆಯಲ್ಲಿಯೇ ಕಾಣುತ್ತದೆ. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ದೇಶದ ಉನ್ನತ ಶಿಕ್ಷಣದಲ್ಲಿದ್ದ ಸುಮಾರು 4.14 ಕೋಟಿ ವಿದ್ಯಾರ್ಥಿಗಳ ಪೈಕಿ ವಿಕಲಚೇತನರು 79,035 ಮಂದಿ, ಅಂದರೆ ಶೇ. 0.2ರಷ್ಟು ಮಾತ್ರ. 2011ರ ಜನಗಣತಿಯಲ್ಲಿ ಒಟ್ಟು ಜನಸಂಖ್ಯೆಯ ಶೇ. 2.21ರಷ್ಟು ವಿಕಲಚೇತನರೆಂದು ದಾಖಲಾಗಿದ್ದರು. ಶಾಲಾ ಹಂತದಲ್ಲಿಯೇ ಅನೇಕರು ಶಿಕ್ಷಣದಿಂದ ಹೊರಗುಳಿಯುವುದರಿಂದ ಮೀಸಲು ಸೀಟುಗಳು ಇದ್ದರೂ ಅವುಗಳಿಗೆ ಅಭ್ಯರ್ಥಿಗಳು ತಲುಪುವುದಿಲ್ಲ.

ಸಂಕೇತ ಭಾಷೆಯ ಅರ್ಹ ದುಭಾಷಿಗಳ ಕೊರತೆ ಇನ್ನೊಂದು ಸಮಸ್ಯೆ. ಭಾರತೀಯ ಸಂಕೇತ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಗಿ ದುಭಾಷಿಗಳಿಗೆ ತರಬೇತಿ ನೀಡುತ್ತಿದ್ದರೂ, ವಿಷಯವಾರು ಪಾರಿಭಾಷಿಕ ಸಂಕೇತಗಳನ್ನು ಬಲ್ಲವರು ವಿರಳ. ಕಲಿಕಾ ನ್ಯೂನತೆಯ ತಪಾಸಣೆಯ ವ್ಯವಸ್ಥೆ ದೊಡ್ಡ ನಗರಗಳಲ್ಲಿ ಕೇಂದ್ರೀಕೃತವಾಗಿರುವುದರಿಂದ, ಗ್ರಾಮೀಣ ಪ್ರದೇಶದ ಇಂತಹ ವಿದ್ಯಾರ್ಥಿಗಳು ತಮ್ಮ ತೊಂದರೆಗೆ ಹೆಸರೊಂದಿದೆಯೆಂದು ತಿಳಿಯದೆಯೇ ‘ದಡ್ಡ’ರೆನಿಸಿಕೊಂಡು ಓದನ್ನು ತೊರೆಯುವುದುಂಟು. ಪ್ರಮಾಣಪತ್ರವಿಲ್ಲದೆ ಹೊಂದಾಣಿಕೆಯೂ ದೊರೆಯುವುದಿಲ್ಲ.

ಲಿಪಿಕಾರರ ಪಟ್ಟಿಯನ್ನು ಸಿದ್ಧವಾಗಿಡುವ ಸಂಸ್ಥೆಗಳು ಕಡಿಮೆ ಇರುವುದರಿಂದ ಅವರನ್ನು ಹುಡುಕುವ ಹೊರೆ ವಿದ್ಯಾರ್ಥಿಯ ಮೇಲೆಯೇ ಬೀಳುತ್ತದೆ. ಲಿಪಿಕಾರರಾಗಿ ಬರುವ ಕಿರಿಯ ವಿದ್ಯಾರ್ಥಿಗಳಿಗೂ ಅದೇ ದಿನಗಳಲ್ಲಿ ಪರೀಕ್ಷೆ ಇರುವುದುಂಟು. ಒಪ್ಪಿಕೊಂಡವರು ಪರೀಕ್ಷೆಯ ದಿನ ಬಾರದಿದ್ದರೆ ವರ್ಷದ ಓದು ವ್ಯರ್ಥವಾಗುತ್ತದೆ. ಸ್ವತಃ ಟೈಪು ಮಾಡಿ ಉತ್ತರಿಸುವ ವ್ಯವಸ್ಥೆ ವ್ಯಾಪಕವಾದರೆ ಈ ಅವಲಂಬನೆ ತಗ್ಗುತ್ತದೆ. ಆದರೆ ಅದಕ್ಕೆ ಗಣಕಯಂತ್ರದ ತರಬೇತಿ ಪ್ರವೇಶದ ಹಂತದಿಂದಲೇ ದೊರೆಯಬೇಕಾಗುತ್ತದೆ. ತರಬೇತಿಯಿಲ್ಲದವರಿಗೆ ಲಿಪಿಕಾರರ ಆಯ್ಕೆ ಉಳಿದಿರಬೇಕಾಗುತ್ತದೆ.

ಅಧ್ಯಾಪಕರು ಮತ್ತು ಸಹಪಾಠಿಗಳಲ್ಲಿ ಹೆಚ್ಚುವರಿ ಸಮಯವನ್ನು ಅನುಚಿತ ಲಾಭವೆಂದು ಕಾಣುವ ಮನೋಭಾವವೂ ಉಳಿದಿದೆ. ಹೊರಗೆ ಕಾಣದ ಅಂಗವೈಕಲ್ಯವುಳ್ಳವರು ಈ ಅನುಮಾನಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. ಇದೇ ಹಿಂಜರಿಕೆಯಿಂದ ಅರ್ಹರಾದ ಹಲವರು ಸೌಲಭ್ಯವನ್ನು ಕೋರದೆಯೇ ಪರೀಕ್ಷೆಗೆ ಕೂರುತ್ತಾರೆ.